ಟ್ಯಾಬು ಬರೂಕಿಂತ ಮೊದಲ ಹೊಲಿಸಿದ ಕಿಸೆ

ಮಂದಿ ಮನ್ಯಾಗ ಹೊಸಾ ಸಾಮಾನು ಬಂದ ಮ್ಯಾಲ ಗದ್ದಲ ಶುರು ಆಗ್ತೈತಿ. ನಮ್ಮ ಮನ್ಯಾಗ ಅದು ಬರೂಕಿಂತ ವರ್ಷ ಮೊದಲ ಶುರು ಆಗಿ, ಸಾಮಾನು ಬರೂದರಾಗ ಎಲ್ಲಾರೂ ದಣದು ಕುಂತಿರ್ತೇವಿ. ಫ್ರಿಜ್ ತರೂ ಮೊದಲ ಅದರ ಮ್ಯಾಲ ಹಾಸೂ ಬಟ್ಟಿಗೆ ನಮ್ಮತ್ತಿ ಕುಚ್ಚು ಕಟ್ಟಿ ಮುಗಿಸಿದ್ರು. ಫ್ರಿಜ್ ಬಂದದ್ದು ಎರಡು ದೀಪಾವಳಿ ಆದ ಮ್ಯಾಲ. ನಾನು ಹಿರೇಕೆರೂರಿನಿಂದ ಮಾಸೂರಿಗೆ ದಿನಾ ಬಸ್ಸಿನ್ಯಾಗ ಹೋಗಿ ಸಾಲಿ ಕಲಸಾಕಿ. ಬಾಜೂ ಕುಂತವ್ರು ಮನ್ಯಾಗ ಏನ್ ವಿಶೇಷರಿ ಅಂತ ಕೇಳಿದ್ರ ನನಗ ಎಂದೂ ಮಾತಿಗೆ ತತ್ವಾರ ಆಗಿಲ್ಲ. ಹ್ವಾದ ವರ್ಷದಿಂದ ಈ ವರ್ಷದ ಶ್ರಾವಣದ ತನಕ ಹೇಳಿದ್ದು ಬರೇ ಒಂದು ಟ್ಯಾಬಿನ ಸುದ್ದಿ.

೧. ಕಿಸೆ

ನಮ್ಮ ಮನಿಯವ್ರು ಹೊಲಾ ಅಳಿಯೂ ಸರ್ವೇದವ್ರು. ಶಿಗ್ಗಾವಿ, ಸವಣೂರು, ಹಾನಗಲ್ಲು ಅಂತ ಕರದಲ್ಲಿ ಹೋಗಿ, ಬದುವಿನ ಮ್ಯಾಲ ನಿಂತು ಹಾಳ್ಯಾಗ ನಕಾಶೆ ಬರ್ಕೊಂಡು ಬರೂದು ಅವ್ರ ಉದ್ಯೋಗ. ಆ ಹಾಳಿಗಳದ್ದ ಒಂದು ದೊಡ್ಡ ಕಾಟ. ಗಾಳಿಗೆ ಹಾರ್ತಾವು, ಬೆವರಿಗೆ ಅಳಕ್ತಾವು. ಸವಣೂರ ಕಡೆ ಒಮ್ಮೆ ಅಣ್ಣತಮ್ಮಂದಿರ ಪಾಲಿನ ನಕಾಶೆ ಬರದು ಬದುವಿನ ಮ್ಯಾಲ ಇಟ್ಟು ನೀರು ಕುಡಿಯಾಕ ಹೋದ್ರ, ಒಂದು ಆಡು ಬಂದು ಅರ್ಧಾ ತಿಂದುಬಿಡ್ತು. ಅಣ್ಣ ಅಂದ ತಿಂದದ್ದು ನನ್ನ ಪಾಲು, ತಮ್ಮ ಅಂದ ಅಲ್ಲ ನಂದು, ಇಬ್ರೂ ಸೇರಿ ಆಡಿನ ಮಾಲಕನ ಮ್ಯಾಲ ಹೋದ್ರು. ಅವತ್ತ ನಮ್ಮ ಮನಿಯವ್ರು ಟ್ಯಾಬು ತಗೊಳ್ಳೂದ ಖಾಯಂ ಮಾಡಿದ್ರು.

ಅವ್ರಿಗೆ ಬೇಕಾದದ್ದು ಶರ್ಟಿನ ಕಿಸೇದಾಗ ಹಿಡಿಯೋ ಟ್ಯಾಬು, ಬರಿಯಾಕ ಅದರ ಕೂಡ ಒಂದು ಪೆನ್ನು. ಅಂಗಡ್ಯಾಗ ನೋಡಿದ್ರ ಸಣ್ಣದಕ್ಕ ಪೆನ್ನಿಲ್ಲ, ಪೆನ್ನಿದ್ದದ್ದು ರೊಟ್ಟಿ ಬಡಿಯೂ ಹಲಗಿಯಷ್ಟು. ಅಷ್ಟರಾಗ ಯಾವುದೋ ಕಂಪನಿ ಪೆನ್ನಿರೋ ಸಣ್ಣ ಆಂಡ್ರಾಯ್ಡ್ ಟ್ಯಾಬು ತಯಾರು ಮಾಡಾಕತ್ತೈತಿ ಅಂತ ಸುದ್ದಿ ಬಂತು. ಕಂಪನಿ ಬಾಯಿ ಬಿಟ್ಟಿರಲಿಲ್ಲ, ಯಾರೋ ಕದ್ದು ಫೋಟೋ ಹಾಕಿದ್ರು. ಅವತ್ತಿನಿಂದ ಇವ್ರು ಚಾ ಕುಡಿಯೂಕಿಂತ ಮೊದಲ ಮೊಬೈಲಿನ್ಯಾಗ ಆ ಟ್ಯಾಬಿನ ಕ್ಷೇಮಸಮಾಚಾರ ನೋಡೂದು. ಬ್ಯಾಟರಿ ಮೂರು ದಿನಾ ಬರ್ತೈತಂತ, ಅಂಚು ತೆಳ್ಳಗದಾವಂತ. ನನ್ನ ತಂಗಿ ಬಸುರಿದ್ದಾಗ ಆಕಿ ಗಂಡ ಸೈತ ಇಷ್ಟು ವಿಚಾರಿಸಿದ್ದಿಲ್ಲ.

ಒಂದಿನ ಉದ್ದ ಅಗಲದ ಅಳತಿ ಸುದ್ದೀನೂ ಹೊರಗ ಬಿತ್ತು. ಇವ್ರು ಅದನ್ನ ಚೀಟ್ಯಾಗ ಬರ್ಕೊಂಡು ಸೀದಾ ದರ್ಜಿ ಕಡೆ ಹೋಗಿ, ಮೂರು ಶರ್ಟಿಗೆ ಆ ಅಳತಿ ಕಿಸೆ ಇಡು ಅಂದ್ರು. ಸಾಮಾನು ತೋರಸ್ರಿ ಅಂದ ದರ್ಜಿ. ಸಾಮಾನು ಇನ್ನೂ ಹುಟ್ಟಿಲ್ಲ ಅಂದ್ರು ಇವ್ರು. ದರ್ಜಿ ಟೇಪು ಕೊಳ್ಳಾಗ ಹಾಕ್ಕೊಂಡು ಆ ಚೀಟಿ ಎರಡು ಸಲ ಓದಿದನಂತ.

"ಕೂಸು ಹುಟ್ಟೂ ಮೊದಲ ಕುಲಾಯಿ ಹೊಲದು ಕೊಟ್ಟೇನ್ರಿ," ಅಂದ. "ಆದ್ರ ಹುಟ್ಟದ ಕೂಸಿನ ಅಳತಿ ತಂದವ್ರು ನೀವ ಮೊದಲು."

ಕಿಸೆ ಎದಿಯಿಂದ ಹೊಟ್ಟಿ ತನಕ ಬಂತು. ಟ್ಯಾಬಿನ ಪತ್ತೆ ಇಲ್ಲ, ಇವ್ರು ಬರೇ ಕಿಸೆ ಹೊತ್ಕೊಂಡು ಊರೂರು ಅಡ್ಡಾಡಿದ್ರು. ಹಾನಗಲ್ಲ ಕಡೆ ಹೊಲಾ ಅಳಿಯಾಕ ಹೋದಾಗ ತ್ವಾಟದವ್ರು ಈ ಮನಶ್ಯಾ ಕಿಸೆ ಮಾಡ್ಕೊಂಡ ಬಂದಾನ ಅಂತ ತಿಳ್ಕೊಂಡು ಅದರ ತುಂಬ ಮಾವಿನಕಾಯಿ ತುರಕಿ ಕಳಸಿದ್ರು. ನಮ್ಮತ್ತಿ ಒಂದೊಂದ ಕಾಯಿ ತಗದು ಬುಟ್ಟ್ಯಾಗ ಇಡಕೋತ, ಟ್ಯಾಬು ಸಾವಕಾಶ ಬರ್ಲಿ, ಉಪ್ಪಿನಕಾಯಿ ಹಾಕೂ ತನಕ ಏನೂ ಅವಸರ ಇಲ್ಲ ಅಂದ್ರು.

೨. ಬೆರಳು

ಅವಸರ ಇಲ್ಲ ಅಂದ ಅತ್ತಿಗೇ ಆಮ್ಯಾಲ ಎಲ್ಲಾರಕಿಂತ ಅವಸರ ಬಂತು. ಅದನ್ನ ಹೇಳಬೇಕಂದ್ರ ಅವ್ರ ಕೋಟಿ ಸುದ್ದಿ ಹೇಳಬೇಕು.

ನಮ್ಮತ್ತಿ ಇಪ್ಪತ್ತೇಳು ವರ್ಷದಿಂದ ನೋಟಬುಕ್ಕಿನ್ಯಾಗ 'ಓಂ ನಮಃ ಶಿವಾಯ' ಬರ್ಕೋತ ಬಂದಾರ. ಒಂದು ಕೋಟಿ ಬರೀತೇನಿ ಅಂತ ಬೇಡ್ಕೊಂಡಾರ. ಮುಂಜಾನೆ ಜಳಕ ಆದ ಮ್ಯಾಲ ಕುಂತ್ರ ಸಾವಿರ ಮುಗಿಯೂ ತನಕ ಏಳಂಗಿಲ್ಲ. ಬರದ ಬುಕ್ಕು ಗಂಟು ಕಟ್ಟಿ ಅಟ್ಟದ ಮ್ಯಾಲ ಇಟ್ಟಾರ, ಆ ಭಾರಕ್ಕ ಅಟ್ಟದ ತೊಲಿ ಬಾಗೇತಿ. ನಮ್ಮ ಓಣಿ ಗುಡಿ ಕೆಡವಿ ಹೊಸದಾಗಿ ಕಟ್ಟಾಕತ್ತಾರ. ನಂದಿ ಕೂಡಸೂ ಜಾಗಾದಾಗ ಒಂದು ತಗ್ಗು ತಗದು, ಅದರೊಳಗ ಊರ ಮಂದಿ ಬರದ ಜಪದ ಬುಕ್ಕು ಇಟ್ಟು, ಮ್ಯಾಲ ನಂದಿ ಕೂಡಸೂದು ಅಂತ ಠರಾವು ಆಗಿತ್ತು. ಶ್ರಾವಣದ ಎರಡನೇ ಸ್ವಾಮಾರ ತಗ್ಗು ಮುಚ್ಚೂದು. ನಮ್ಮತ್ತಿ ಹಟ ಏನಂದ್ರ, ಕೊಟ್ರ ಪೂರ್ತಿ ಕೋಟಿ ಕೊಡಬೇಕು, ಒಂದ ನಾಮ ಕಡಿಮಿ ಇದ್ರೂ ಆ ತಗ್ಗಿನ ಕಡೆ ಹಾಯಂಗಿಲ್ಲ.

ಸಂಕ್ರಾಂತಿ ಹೊತ್ತಿಗೆ ಎಪ್ಪತ್ತು ಸಾವಿರ ಉಳದಿತ್ತು. ಆವಾಗ ಬಲಗೈ ಬೆರಳು ಸೆಟದು ಕುಂತ್ವು. ಪೆನ್ನು ಒತ್ತಿ ಹಿಡದ್ರ ಮುಂಗೈ ತನಕ ಸಳಕು. ಹಾವೇರಿ ಡಾಕ್ಟರು ಪೆನ್ನು ಮುಟ್ಟಬ್ಯಾಡ್ರಿ, ಕೈಗೆ ವಿಶ್ರಾಂತಿ ಕೊಡ್ರಿ ಅಂದ್ರು. ನಮ್ಮತ್ತಿ ಹಂಗ ಬಗ್ಗೋ ಹೆಣಮಗಳಲ್ಲ, ಆದ್ರ ಅವತ್ತು ಮನಿಗೆ ಬಂದು ಬುಕ್ಕಿನ ಮುಂದ ಕೈ ಮಡಚಿ ಕುಂತದ್ದು ನೋಡಿ ನನಗ ಸಂಕಟ ಆತು. ಓಣಿ ಹೆಣಮಕ್ಕಳು ನಾವು ಒಂದೊಂದು ಸಾವಿರ ಬರದು ಕೊಡ್ತೇವಿ ಅಂತ ಬಂದ್ರು. ಬ್ಯಾಡ ಅಂದು ಚಾ ಕೊಟ್ಟು ಕಳಸಿದ್ರು.

ಅದ ವಾರ ಕೊರಿಯರಿನವ ಒಂದು ಪಾರ್ಸಲ್ ತಂದ. ಮನ್ಯಾಗ ಅತ್ತಿ ಒಬ್ರ ಇದ್ರು. ಅವ ತನ್ನ ಮೊಬೈಲು ಮುಂದ ಹಿಡದು, ಸಹಿ ಮಾಡ್ರಿ ಅಂತ ಒಂದು ಸಣ್ಣ ಪೆನ್ನಿನಂಥ ಕಡ್ಡಿ ಕೊಟ್ಟ. ಸಹಿ ಅಂದ್ರ ಏನು, ಅವ್ರ ಕೈಗೆ ರೂಢಿ ಇದ್ದದ್ದು ಒಂದ. 'ಓಂ ನಮಃ ಶಿವಾಯ' ಬರದ್ರು. ಬೆರಳು ನೋಯಲಿಲ್ಲ. ಇನ್ನೊಂದು ಬರದ್ರು. ಅದೂ ನೋಯಲಿಲ್ಲ. ನಾನು ಸಾಲಿಯಿಂದ ಬರೂದಕ್ಕ ಕೊರಿಯರಿನವ ನಮ್ಮ ಕಟ್ಟಿ ಮ್ಯಾಲ ಕುಂತು ಬಿಸ್ಕೀಟ್ ತಿನ್ನಾಕತ್ತಿದ್ದ, ಒಳಗ ಅತ್ತಿ ಅವನ ಮೊಬೈಲು ಹಿಡದು ಕುಂತಿದ್ರು.

"ಅಕ್ಕಾರ, ಅಮ್ಮಾರು ಸಹಿ ಮಾಡಾಕ ಶುರು ಮಾಡಿ ಅರ್ಧಾ ತಾಸು ಆತ್ರಿ," ಅಂದ. "ಅವ್ರ ಹೆಸರು ಎಷ್ಟು ಉದ್ದ ಐತ್ರಿ?"

೩. ಮೂರು ಕರಾರು

ಅವತ್ತ ಸಂಜಿಕೆ ತಾಯಿ ಮಗ ಒಂದಾದ್ರು. ಮಗ ದಾರಿ ಕಾಯೂ ಟ್ಯಾಬಿನ್ಯಾಗ ಪೆನ್ನು ಐತಿ, ಒತ್ತಿ ಹಿಡಿಯೂದು ಬ್ಯಾಡ, ಸಣ್ಣದೈತಿ, ತೊಡಿ ಮ್ಯಾಲ ಇಟ್ಕೊಂಡು ಬರೀಬಹುದು. ಆದ್ರ ಅದರೊಳಗ ಬರದದ್ದು ದೇವ್ರ ಲೆಕ್ಕಕ್ಕ ಹತ್ತತೈತೋ ಇಲ್ಲೋ ಅನ್ನೂದು ಒಂದು ಸವಾಲು. ಗುಡಿ ಪೂಜಿ ಮಾಡೂ ಅಯ್ನಾರನ್ನ ಮನಿಗೆ ಕರಸಿದ್ರು. ಎದುರುಮನಿ ಬಾಯಾರೂ ಬಂದ್ರು. ಅವ್ರು ವೈಷ್ಣವರ ಮನಿ ಹೆಣಮಗಳು, 'ಶ್ರೀರಾಮ' ಬರೀತಾರ, ಅವ್ರದ್ದು ಇನ್ನೂ ನಲವತ್ತು ಲಕ್ಷದಾಗ ಐತಿ.

ಅಯ್ನಾರು ಚಾ ಕುಡದು, ಬಟ್ಟಲಾ ಕೆಳಗಿಟ್ಟು, ಭಾಳ ಹೊತ್ತು ವಿಚಾರ ಮಾಡಿದ್ರು. ಬಾಯಾರು ನಡುವ ಬಾಯಿ ಹಾಕಿ, ಹಾಳಿ ಅಂದ್ರ ಗಿಡದಿಂದ ಆದದ್ದು, ಅದಕ್ಕೊಂದು ಮಡಿ ಅದ, ಗಾಜಿಗೆಲ್ಲಿದು ಅಂತ ತಕರಾರು ತಗದ್ರು. ನಮ್ಮತ್ತಿ ಬಿಡಲಿಲ್ಲ. ನಿಮ್ಮ ಪೆನ್ನೂ ಪ್ಲಾಸ್ಟಿಕ್ಕಿಂದ ಐತಿ, ಅದನ್ನ ಯಾವ ಗಿಡದಿಂದ ಕಿತ್ತೀರಿ ಅಂತ ಕೇಳಿದ್ರು. ಬಾಯಾರು ಚಾದ ಕಡೆ ಲಕ್ಷ್ಯ ಕೊಟ್ರು.

ಕಡಿಗೆ ಅಯ್ನಾರು ಮೂರು ಕರಾರು ಹಾಕಿದ್ರು. ಬಾಯಿ ಅನ್ನಬೇಕು. ಕೈ ಬರೀಬೇಕು. ಯಾತರಾಗ ಬರೀತೀರಿ ಅದ ತಗ್ಗಿನೊಳಗ ಬರಬೇಕು.

ನಮ್ಮತ್ತಿ ಒಂದೊಂದಕ್ಕೂ ಹೂಂ ಅಂದ್ರು. ನಮ್ಮ ಮನಿಯವ್ರೂ ಮೂರಕ್ಕೂ ಗೋಣು ಹಾಕಿದ್ರು, ಕಣ್ಣು ಮಾತ್ರ ಮೊಬೈಲಿನ್ಯಾಗ ಇತ್ತು, ಅವತ್ತು ಆ ಟ್ಯಾಬಿನ ಬಣ್ಣದ ಸುದ್ದಿ ಬಂದಿತ್ತು. ಮೂರನೇದಕ್ಕ ನಾನು ಅವ್ರ ಕಡೆ ನೋಡಿದೆ. ಹೇಳಬೇಕಿತ್ತು ಅಂತ ಈಗ ಅನಸ್ತೈತಿ. ಆದ್ರ ಹದಿನೆಂಟು ವರ್ಷ ಸಂಸಾರ ಮಾಡೇನಿ, ನಾ ಹೇಳಿದ್ದು ಅವ್ರ ಕಿವಿಗೆ ಬೀಳೂದು ಮೊಬೈಲಿನ ಚಾರ್ಜು ತೀರಿದಾಗ ಮಾತ್ರ, ಅವತ್ತು ಚಾರ್ಜು ಪೂರ್ತಿ ಇತ್ತು.

೪. ಒಮ್ಮೆ ಬರದು ನೂರು ಸಲ ಒತ್ತೂದು

ನಮ್ಮ ಮಗಳು ಪಿಯುಸಿ ಓದಾಕಿ. ಅಜ್ಜಿನ್ನ ಆಯಿ ಅಂತಾಳ. ಆಯಿ ಕಷ್ಟ ನೋಡಲಾರದ ಆಕಿ ಒಂದು ಉಪಾಯ ಹೇಳಿದ್ಲು. ಟ್ಯಾಬು ಬಂದ ಮ್ಯಾಲ ಒಂದ ಪುಟ ಬರಿ ಆಯಿ, ಆ ಪುಟಾನ್ನ ಹಿಡದು ನಕಲು ಒತ್ತಿದ್ರ ಇನ್ನೊಂದು ಪುಟ ಆಗ್ತೈತಿ, ಎರಡರ ನಾಕು, ನಾಕರ ಎಂಟು, ಎಪ್ಪತ್ತು ಸಾವಿರಕ್ಕ ಊಟದ ಹೊತ್ತೂ ಬ್ಯಾಡ ಅಂತ ತನ್ನ ಮೊಬೈಲಿನ್ಯಾಗ ಮಾಡಿ ತೋರಿಸಿದ್ಲು.

ನಮ್ಮತ್ತಿ ಚಷ್ಮಾ ಹಾಕ್ಕೊಂಡು ಪೂರ್ತಿ ನೋಡಿದ್ರು. ಸಿಟ್ಟಾಗಲಿಲ್ಲ.

"ಭಾಳ ಚಲೋ ಐತಿ," ಅಂದ್ರು. "ನಾಳಿಂದ ನೀನೂ ಒಂದ ರೊಟ್ಟಿ ತಿನ್ನು. ಮುಂದಿಂದು ಒತ್ತಿಬಿಡು."

ಹುಡಿಗಿ ಮಾರಿ ಸಣ್ಣದು ಮಾಡ್ಕೊಂಡು ಒಳಗ ಹೋತು. ಮಜಾ ಆದದ್ದು ಮರದಿನ. ಎದುರುಮನಿ ಬಾಯಾರು ನಮ್ಮ ಮಗಳನ್ನ ಕರದು, ಕೈಯಾಗ ಎರಡು ಉಂಡಿ ಕೊಟ್ಟು, ಅಡಗಿಮನಿ ಬಾಗಲಾ ಮುಂದ ಮಾಡಿ ಮೆಲ್ಲಕ ಕೇಳಿದ್ರಂತ, ಆ ಒತ್ತೂದು ಎಲ್ಲಿ ಬರ್ತದ ಅಂತ. ತಮಗೇನೂ ಬ್ಯಾಡಂತ, ಅರವತ್ತು ಲಕ್ಷ ಉಳದದ ಅಂತ ಸುಮ್ನ ತಿಳಕೊಳ್ಳಾಕ ಕೇಳಿದ್ರಂತ.

೫. ಬಿಡುಗಡಿ

ಯುಗಾದಿ ಆದ ಮ್ಯಾಲ ಕಂಪನಿ ಬಾಯಿ ಬಿಡ್ತು. ಒಂದು ರಜಾದ ದಿನ ಮುಂಜಾನೆ ಹನ್ನೊಂದಕ್ಕ ಹೊಸಾ ಸಾಮಾನು ತೋರಸ್ತೇವಿ, ಮೊಬೈಲಿನ್ಯಾಗ ನೋಡ್ರಿ ಅಂತ ಸಾರಿದ್ರು. ನಮ್ಮ ಮನಿಯವ್ರು ಮೊಬೈಲಿಗೆ ಟಿವಿ ಜೋಡಸಿದ್ರು. ದರ್ಜಿ ಬಂದ, ಕಿಸೆ ಅಳತಿ ಅವನ ಮರ್ಯಾದಿ ಪ್ರಶ್ನೆ ಆಗಿತ್ತು. ಅಯ್ನಾರು ಬಂದ್ರು, ಬಾಯಾರು ಬಂದ್ರು. ಸರ್ಕಾರದವ್ರು ಪುಕ್ಕಟೆ ಟ್ಯಾಬು ಹಂಚತಾರ ಅಂತ ಕೇಳಿ ಹಿಂದಿನ ಓಣಿಯಿಂದ ನಾಕು ಮಂದಿ ಆಧಾರ್ ಕಾರ್ಡಿನ ಝರಾಕ್ಸ್ ಹಿಡ್ಕೊಂಡು ಬಂದಿದ್ರು. ಅವ್ರಿಗೂ ಅವಲಕ್ಕಿ ಕೊಟ್ಟು ಕೂಡಸಿದೆ.

ಟಿವ್ಯಾಗ ಕರಿ ಅಂಗಿ ಹಾಕ್ಕೊಂಡ ಒಬ್ಬ ಮನಶ್ಯಾ ಅತ್ತಿಂದಿತ್ತ ಇತ್ತಿಂದತ್ತ ಅಡ್ಡಾಡಕೋತ ಇಂಗ್ಲಿಷಿನ್ಯಾಗ ಮಾತಾಡಿದ. ಮೊದಲ ಒಂದು ಮೊಬೈಲು ತೋರಿಸಿದ. ಆಮ್ಯಾಲ ಕೈಗಡಿಯಾರ, ಆಮ್ಯಾಲ ಕಿವ್ಯಾಗ ಇಡೂದು. ಪ್ರತಿ ಸಲ ನಮ್ಮತ್ತಿ ಇದ ಏನು ಅಂತ ಕೇಳೂದು, ಇದಲ್ಲವ್ವಾ ಅಂತ ಮಗ ಅನ್ನೂದು. ವರ ಹೊರಗ ಬರೂಕಿಂತ ಮೊದಲ ಬೀಗರೆಲ್ಲ ಬಂದು ಹ್ವಾದ್ರು ಅಂತ ಬಾಯಾರು ಅಂದ್ರು. ಒಂದು ತಾಸು ಆದ ಮ್ಯಾಲ ಆ ಮನಶ್ಯಾ ಕಿಸೇದಾಗ ಕೈ ಹಾಕಿ ಸಣ್ಣ ಟ್ಯಾಬು ತಗದ, ಅದರ ಬಾಜೂದಿಂದ ಪೆನ್ನು ಎಳದ. ನಮ್ಮತ್ತಿ ಕೈ ಮುಗದ್ರು. ದರ್ಜಿ ಟಿವಿ ಹತ್ರ ಹೋಗಿ ಆ ಮನಶ್ಯಾನ ಕಿಸೆ ನೋಡಿ, ಹೊಲಿಗಿ ಕಚ್ಚಾ ಐತಿ ಅಂದ. ಬ್ಯಾಟರಿ ಹದವಾಗಿ ಬಳಸಿದ್ರ ಮೂರು ದಿನಾ ಬರ್ತೈತಂತ, ಕಂಪನಿಯವನ ಬಾಯಿಂದನ ಬಂತು ನೋಡ್ರಿ ಅಂತ ನಮ್ಮ ಮನಿಯವ್ರು ಕುಂತವ್ರಿಗೆಲ್ಲ ಹೇಳಿದ್ರು.

ಎಲ್ಲಾ ಮುಗದು ಕಡೀಕ ಟಿವಿ ಮ್ಯಾಲ ಎರಡು ಇಂಗ್ಲಿಷ್ ಶಬ್ದ ನಿಂತ್ವು. ಯಾವಾಗ ಬರ್ತೈತಂತ ಅಂತ ಅತ್ತಿ ಕೇಳಿದ್ರು. ಲಗೂನ ಬರ್ತೈತಿ ಅಂತ ಬರದಾರವ್ವಾ ಅಂದ್ರು ಇವ್ರು, ದನಿ ಸಣ್ಣಗಾಗಿತ್ತು.

ಅಯ್ನಾರು ಅವಲಕ್ಕಿ ಪ್ಲೇಟು ಕೆಳಗಿಟ್ರು. "ನಮ್ಮ ಗುಡಿ ಕಮಿಟಿಯವ್ರೂ ಹದಿನಾಕು ವರ್ಷ ಇದ ಎರಡು ಶಬ್ದ ಹೇಳಿದ್ರು," ಅಂದ್ರು.

೬. ಎಪ್ಪತ್ತು ಸಾವಿರ

ಲಗೂನ ಅಂದದ್ದು ಬಂದದ್ದು ಮಣ್ಣೆತ್ತಿನ ಅಮಾಸಿ ಆಗಿ ಎರಡು ದಿನಕ್ಕ. ತಗ್ಗು ಮುಚ್ಚಾಕ ಮೂವತ್ತೆಂಟು ದಿನ ಉಳದಿತ್ತು. ಅತ್ತಿ ಬಚ್ಚಲದಾಗಿದ್ದಾಗ ಕೊರಿಯರಿನವ ಬಂದ, ಅದ ಹುಡುಗ. ಈ ಸಲ ಸಹಿ ನೀವ ಮಾಡ್ರಿ ಅಂತ ನನಗ ಅಂದ.

ಇವ್ರು ಡಬ್ಬಿ ಒಡದು, ಟ್ಯಾಬು ತಗದು, ಕಿಸೆ ಬಾಯಿಗೆ ಹಿಡದು ಒಳಗ ಬಿಟ್ರು. ಹೋಗಲಿಲ್ಲ. ಒಂದು ಬೆರಳು ಅಗಲ ಹೆಚ್ಚು ಇತ್ತು. ಅಡ್ಡ ಹಿಡದ್ರು, ಸೊಟ್ಟ ಹಿಡದ್ರು, ಉಸಿರು ಬಿಗಿ ಹಿಡದು ನೋಡಿದ್ರು. ಮೂರೂ ಶರ್ಟಿಗೆ ಪ್ರಯತ್ನ ಆತು. ದರ್ಜಿನ್ನ ಕರಸಿದ್ರ ಅವ ಬಂದು ನೋಡಿ, ಹೊಲಿಗಿ ನಂದು, ಅಳತಿ ನಿಮ್ಮದು ಅಂತ ಹೇಳಿ ಹೋದ.

ಅವ್ವಾ ಮೊದಲ ನೀ ಬರಿ, ನಿಂದು ಮುಗದ ಮ್ಯಾಲ ನಾನು ಹೊಲಾ ಅಳೀತೇನಿ ಅಂತ ಟ್ಯಾಬು ತಾಯಿ ಕೈಯಾಗ ಕೊಟ್ರು. ಅತ್ತಿ ಅದಕ್ಕ ವಿಭೂತಿ ಹಚ್ಚಿ, ಸೆರಗಿಲೆ ಒರಸಿ, ಬರಿಯಾಕ ಕುಂತ್ರು. ದಿನಕ್ಕ ಎರಡು ಸಾವಿರ. ಬಾಯಿಲೆ ಅನ್ನೂದು, ಕೈಲೆ ಬರಿಯೂದು, ನೂರಕ್ಕೊಂದು ಹುಣಸಿಬೀಜ ಬಟ್ಟಲದಾಗ ಹಾಕೂದು. ಮುಂಜಾನೆ ಐದೂವರಿಗೆ ಏಳಾಕ ಟ್ಯಾಬಿನ್ಯಾಗ ಗಂಟಿ ಇಟ್ಟು ಕೊಟ್ರು ಇವ್ರು. ಗಂಟಿಗೂ ಏಳಲಿಲ್ಲ, ಹಾಡಿಗೂ ಏಳಲಿಲ್ಲ, ಅವ್ರಿಗೆ ಒಂದು ಕಿವಿ ಮಂದ. ಕಡಿಗೆ ಮಗ ತನ್ನ ದನೀನ ಅದರೊಳಗ ತುಂಬಿ, ದನಿ ಎಷ್ಟು ಏರತೈತಿ ಅಷ್ಟು ಏರಿಸಿಟ್ರು. 'ಏಳವ್ವಾ. ಹೊತ್ತಾತು. ಇನ್ನೂ ಬರಿಯೂದು ಭಾಳ ಐತಿ.' ಮರದಿನದಿಂದ ಅತ್ತಿ ಒಬ್ರ ಏನು, ಬಾಯಾರ ಮನ್ಯಾಗೂ ಎಲ್ಲಾರೂ ಐದೂವರಿಗೆ ಏಳಾಕತ್ತಿದ್ರು.

ಹನ್ನೆರಡನೇ ದಿನ ಒಂದು ಅನಾಹುತ ಆತು. ಪೆನ್ನಿನ ಮಗ್ಗಲ ಒಂದು ಬಟನ್ ಇತ್ತು, ಅದು ಒತ್ತಿದ್ರ ಪೆನ್ನು ರಬ್ಬರ್ ಆಗ್ತೈತಿ. ಅತ್ತಿ ಹೆಬ್ಬೆರಳು ಅದರ ಮ್ಯಾಲ ಕುಂತು, ಅವ್ರು ಬಾಯಾಗ ಶಿವನಾಮ ಅನಕೋತ, ಕಣ್ಣು ಅರ್ಧಾ ಮುಚ್ಚಿ, ಅವತ್ತಿನ ಸಾವಿರದ ಇನ್ನೂರು ನಾಮಾನ್ನ ಸಾಲು ಹಿಡದು ತಾವ ಅಳಸಿದ್ರು. ಕಣ್ಣು ತಗದ್ರ ಪುಟ ಖಾಲಿ. ಅಯ್ನಾರನ್ನ ಕೇಳಿದ್ರ, ದೇವ್ರು ಓದಿರ್ತಾನ, ಆದ್ರ ತಗ್ಗಿನ ಲೆಕ್ಕಕ್ಕ ಇಲ್ಲ ಅಂದ್ರು. ಅತ್ತಿ ಹುಣಸಿಬೀಜ ಎಣಿಸಿ ವಾಪಸ್ ತಗದು, ಮಧ್ಯಾಹ್ನನೂ ಕುಂತು ಬರದ್ರು.

ತಗ್ಗು ಮುಚ್ಚೂ ಹಿಂದಿನ ದಿನ ಆಯಿತವಾರ, ಸಂಜಿ ದೀಪ ಹಚ್ಚೂ ಹೊತ್ತಿಗೆ ಕಡೀ ನಾಮ ಬರದ್ರು. ಪೆನ್ನು ಅದರ ಜಾಗಾದಾಗ ಇಟ್ಟು, ಸೆಟದಿದ್ದ ಬೆರಳು ಬಿಚ್ಚಿ ಮಡಚಿ ನೋಡ್ಕೊಂಡು, ಮುಗೀತು ನೋಡವ್ವಾ ಅಂದ್ರು. ನನಗ ಖರೇನ ಕಣ್ಣಾಗ ನೀರು ಬಂತು. ನಮ್ಮ ಮನಿಯವ್ರ ಕಣ್ಣಾಗೂ ಬಂತು, ಆದ್ರ ಅವ್ರ ಕೈ ಆಗಲೇ ಟ್ಯಾಬಿನ ಕಡೆ ಹೊಂಟಿತ್ತು. ನಾಳಿ ಶಿಗ್ಗಾವ್ಯಾಗ ಒಂದು ಹೊಲಾ ಐತಿ, ಇದನ್ನ ಒಯ್ತೇನಿ ಅಂದ್ರು.

"ಎಲ್ಲಿಗೆ ಒಯ್ತೀಯಪಾ," ಅಂದ್ರು ಅತ್ತಿ. "ಅದು ತಗ್ಗಿಗೆ ಹೋಗೂದು."

೭. ನಂದಿ

ಅವತ್ತು ನಮ್ಮ ಮನ್ಯಾಗ ಯಾರೂ ಜಗಳಾಡಲಿಲ್ಲ, ಬರೇ ವಕೀಲಿಕಿ ನಡೀತು. ಅಯ್ನಾರು ಬಂದು ಕುಂತ್ರು. ಇವ್ರು ಅಂದ್ರು, ಬರದದ್ದನ್ನೆಲ್ಲ ಹಾಳಿ ಮ್ಯಾಲ ಛಾಪಿಸಿ ಕೊಡ್ತೇನಿ. ಅಯ್ನಾರು ಅಂದ್ರು, ಛಾಪಿಸಿದ್ರ ಅದು ಮಷೀನು ಬರದದ್ದು. ಇವ್ರು ಅಂದ್ರು, ಒಂದು ಸಣ್ಣ ಮೆಮೊರಿ ಚಿಪ್ಪಿನ್ಯಾಗ ತುಂಬಿ ಕೊಡ್ತೇನಿ. ಅಯ್ನಾರು ಅಂದ್ರು, ಅಮ್ಮಾರು ಚಿಪ್ಪಿನ ಮ್ಯಾಲ ಬರದಾರೇನು?

"ಮೂರನೇ ಕರಾರಿಗೆ ನೀವೂ ಗೋಣು ಹಾಕಿದ್ರಿ," ಅಂದ್ರು ಅಯ್ನಾರು.

ಇವ್ರು ನನ್ನ ಕಡೆ ನೋಡಿದ್ರು. ನಾನು ಹೂಂ ಅಂದೆ. ಆಮ್ಯಾಲ ತಾಯಿ ಕಡೆ ನೋಡಿದ್ರು. ಅತ್ತಿ ಕೈ ಮಡಚಿ ಕುಂತಿದ್ರು, ಸಂಕ್ರಾಂತಿಯಾಗ ಬುಕ್ಕಿನ ಮುಂದ ಕುಂತಂಗ. ಇವ್ರು ಎದ್ದು ಹೋಗಿ ಟ್ಯಾಬಿಗೆ ಪೂರ್ತಿ ಚಾರ್ಜು ಮಾಡಾಕ ಹಚ್ಚಿದ್ರು. ಯಾಕ್ರಿ ಅಂದೆ. ದೇವ್ರಿಗೆ ಕೊಡೂದು, ಅರ್ಧಾ ಖಾಲಿ ಕೊಡಬಾರದು ಅಂದ್ರು. ನಾನು ಈ ಮನಶ್ಯಾನ್ನ ಮದಿವಿ ಆದದ್ದು ತಪ್ಪಲ್ಲ ಅಂತ ಅವತ್ತೊಂದಿನ ಅನಸ್ತು.

ಸ್ವಾಮಾರ ಮಧ್ಯಾಹ್ನ ಇಪ್ಪತ್ತೇಳು ವರ್ಷದ ಬುಕ್ಕಿನ ಗಂಟು ಗಾಡಿ ಮ್ಯಾಲ ಗುಡಿಗೆ ಹ್ವಾದ್ವು. ಎಲ್ಲಾದರ ಮ್ಯಾಲ ಒಂದು ಕಟಿಗಿ ಪೆಟಗಿ, ಅದರೊಳಗ ಹಳದಿ ಬಟ್ಟ್ಯಾಗ ಸುತ್ತಿದ ಟ್ಯಾಬು, ಪೆನ್ನಿನ ಸಮೇತ. ತಗ್ಗಿನ ಮ್ಯಾಲ ಹಾಸುಗಲ್ಲು ಎಳದ್ರು. ಕಲ್ಲಿನ ಸಂದಿಗೆ ಸಿಮೆಂಟು ಹಾಕೂದು, ನಂದಿ ಕೂಡಸೂದು ಮುಂದಿನ ಸ್ವಾಮಾರ ಅಂತ ನಿಕ್ಕಿ ಆತು. ನಂದಿ ಸದ್ಯಕ್ಕ ಬಾಜೂ ಗ್ವಾಡಿಗೆ ಮಾರಿ ಮಾಡಿ ಕುಂತಿತ್ತು.

ಮಂಗಳವಾರ ಮುಂಜಾನೆ ಐದೂವರಿಗೆ ಅಯ್ನಾರು ಗುಡಿ ಕಸಾ ಹೊಡ್ಯಾಕತ್ತಿದ್ರು. ನೆಲದೊಳಗಿಂದ ಒಂದು ದನಿ ಬಂತು.

"ಏಳವ್ವಾ. ಹೊತ್ತಾತು. ಇನ್ನೂ ಬರಿಯೂದು ಭಾಳ ಐತಿ."

ಅಯ್ನಾರು ಕಸಬರಗಿ ಅಲ್ಲೇ ಬಿಟ್ಟು ಹೊರಗ ಬಂದ್ರು. ಸುದ್ದಿ ಓಣಿ ತುಂಬ ಆತು. ಗಂಟಿ ಬಂದ್ ಮಾಡಾಕ ನಾವು ಯಾರೂ ನೆನಪು ಮಾಡ್ಕೊಂಡಿರಲಿಲ್ಲ. ನಮ್ಮ ಮನಿಯವ್ರು ಅವಾಗ ಹೋಗಿ ಎಲ್ಲಾರಿಗೂ ಕೈ ಮುಗದು, ಅದು ನನ್ನ ದನಿರಿ, ನಾನ ತುಂಬಿಟ್ಟದ್ದು ಅಂತ ಹೇಳಿದ್ರು. ಯಾರೂ ನಂಬಲಿಲ್ಲ. ಹದಿನೈದು ವರ್ಷದಿಂದ ನಿಮ್ಮ ದನಿ ಕೇಳೇವ್ರಿ, ಅಷ್ಟು ಗಂಭೀರ ಎಲ್ಲೈತಿ ಅದು ಅಂತ ದರ್ಜಿ ಅಂದ.

ಬುಧವಾರ ಐದೂವರಿಗೆ ಓಣಿ ಹೆಣಮಕ್ಕಳೆಲ್ಲ ತೆಂಗಿನಕಾಯಿ ಹಿಡದು ನಿಂತಿದ್ರು. ದನಿ ಬಂತು. ತಿಂಗಳ ಮ್ಯಾಲ ದಿನಾ ಇದ ದನಿಗೆ ಎದ್ದಿದ್ದ ಬಾಯಾರೂ ಅಲ್ಲೇ ಅಡ್ಡಬಿದ್ರು, ಎದ್ದು ಮನಿಗೆ ಹೋಗಿ ತಮ್ಮ ಮೊಬೈಲಿನ್ಯಾಗ ನಕಲು ಒತ್ತಿದ್ದ ಪುಟಗಳನ್ನೆಲ್ಲ ನಮ್ಮ ಮಗಳ ಕಡಿಂದ ಅಳಸಿದ್ರು. ಗುರುವಾರ ರಟ್ಟೀಹಳ್ಳಿಯಿಂದ ಮಂದಿ ಬಂದ್ರು. ಊರಾಗಿನ ಬುಕ್ಕಿನ ಅಂಗಡ್ಯಾಗ ಇನ್ನೂರು ಪುಟದ ನೋಟಬುಕ್ಕು ಒಂದೂ ಉಳೀಲಿಲ್ಲ, ನನ್ನ ಸಾಲಿ ಹುಡುಗೂರು ಹಾಳಿ ಮ್ಯಾಲ ಗಣಿತಾ ಬರ್ಕೊಂಡು ಬಂದ್ರು. ನಮ್ಮತ್ತಿ ಗುಡಿಯಾಗ ಚಲೋ ಕಿವಿ ನೆಲಕ್ಕ ಹಚ್ಚಿ ಕೇಳಿ, ದನಿ ನನ್ನ ಮಗನದ್ದ ಇದ್ದಂಗ ಐತಿ, ಆದ್ರ ಮಾತು ದೇವ್ರದ್ದು ಅಂದ್ರು. ಆರು ತಿಂಗಳು ಪೆನ್ನು ಒತ್ತದ ಇದ್ದದ್ದಕ್ಕ ಅವ್ರ ಬೆರಳೂ ಸಡಲಾಗಿದ್ವು. ಅವತ್ತ ಹೊಸಾ ಬುಕ್ಕು ತಗದು ಎರಡನೇ ಕೋಟಿ ಶುರು ಮಾಡಿದ್ರು.

ಶುಕ್ರವಾರ ಗುಡಿ ತುಂಬಿತ್ತು. ಅಯ್ನಾರು ಕೈ ಎತ್ತಿ ಎಲ್ಲಾರನ್ನೂ ಸುಮ್ನ ಕೂಡಸಿದ್ರು. ಐದೂವರಿ ಆತು. ದನಿ ಇಲ್ಲ. ಐದು ನಲವತ್ತಾತು. ದನಿ ಇಲ್ಲ. ಮುಂದ ಕುಂತ ಮುದುಕಿ ಒಬ್ಬಾಕಿ ಸೆರಗು ಕಣ್ಣಿಗೆ ಹಚ್ಚಿದ್ಲು, ಏನು ತಪ್ಪಾತೋ ಅಂತ ಮಂದಿ ಒಬ್ರ ಮಾರಿ ಒಬ್ರು ನೋಡಾಕತ್ತಿದ್ರು. ಅಷ್ಟು ಮಂದ್ಯಾಗ ಒಬ್ಬನ ಒಬ್ಬ ಮನಶ್ಯಾನ ಮಾರಿ ಮ್ಯಾಲ ಸಮಾಧಾನ ಇತ್ತು. ನಮ್ಮ ಮನಿಯವ್ರು ಗ್ವಾಡಿಗೆ ಆನಕೊಂಡು, ಎರಡೂ ಕೈ ಆ ಖಾಲಿ ಕಿಸೇದೊಳಗ ಇಟ್ಕೊಂಡು ನಿಂತಿದ್ರು. ಮೆಲ್ಲಕ ನನ್ನ ಕಿವಿ ಹತ್ರ ಬಂದ್ರು.

"ಮೂರು ದಿನಾ ಅಂದಿದ್ರು," ಅಂದ್ರು. "ಮೂರೂ ದಿನಾ ಬಂತು ನೋಡು. ಕಂಪನಿಯವ್ರು ಸುಳ್ಳು ಹೇಳಿಲ್ಲ."